ಇಂಟರ್‌ವಲ್ ಆದಮೇಲಿನ ಕಥೆ

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನನ್ನ ಗುಬ್ಬಿಗೆ,

ಅಕ್ಕನ ಆಶೀರ್ವಾದಗಳು. ದೇವರು ನಿನ್ನ ಮೈಕೈ ಗಟ್ಟಿಯಾಗಿಟ್ಟಿರಲಿ. ನಾನು ಹೇಗೋ ಇದ್ದೇನೆ. ಮಂಡಿನೋವು ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ.

ನಿನ್ನ ಕಾಗದ ಮಂಗಳವಾರ ಬಂತು. ಯಾವಾಗಲೂ ನಾಲ್ಕು ಪುಟ ಬರೆಯುವವಳು ಈ ಸಲ ಮೂರೇ ಸಾಲು ಬರೆದಿದ್ದೀಯ. ಇಪ್ಪತ್ತನೇ ತಾರೀಕು ಬಿಡುಗಡೆ ಅಂತ ಒಂದು ಸಾಲು. ಜೈಲಿನ ಹಾಲ್‌ನಲ್ಲಿ ಪರದೆ ಕಟ್ಟಿ, ಅವತ್ತು ನಾವಿಬ್ಬರೂ ಹೋಗಿದ್ದೆವಲ್ಲ, ಅದೇ ಸಿನಿಮಾ ತೋರಿಸಿದರು ಅಂತ ಇನ್ನೊಂದು. ಆಮೇಲೆ, 'ಅಕ್ಕಾ, ಹುಡುಗಿ ಸತ್ತೇ ಹೋಗ್ತಾಳಲ್ಲ?' ಅಷ್ಟೇ. ಕೆಳಗೆ ಸಹಿಯೂ ಇಲ್ಲ.

ಐದು ದಿನದಿಂದ ಆ ಕಾಗದ ನನ್ನ ಪ್ರಾರ್ಥನೆ ಪುಸ್ತಕದೊಳಗಿದೆ. ಪುಸ್ತಕ ತೆರೆದರೆ ಮೊದಲು ಅದೇ ಕಣ್ಣಿಗೆ ಬೀಳುತ್ತದೆ, ಬಾಯಿಗೆ ಬಂದ ಪ್ರಾರ್ಥನೆ ಅಲ್ಲೇ ನಿಲ್ಲುತ್ತದೆ. ಹೊರಗೆ ಬಂದರೆ ನಿನಗೆ ನನ್ನ ಮನೆ ಬಿಟ್ಟು ಬೇರೆ ಹೊಸ್ತಿಲಿಲ್ಲ. ನೀನು ಆ ಹೊಸ್ತಿಲು ತುಳಿಯುತ್ತೀಯೋ ಇಲ್ಲವೋ ಅನ್ನುವುದು ಈಗ ನಾನು ಬರೆಯುವುದರ ಮೇಲೆ ನಿಂತಿದೆ.

ಹೌದು ಗುಬ್ಬಿ, ಸಾಯುತ್ತಾಳೆ. ನದಿ ದಂಡೆಯಲ್ಲಿ ಒಂದು ಚಪ್ಪಲಿ ಸಿಗುತ್ತದೆ, ತಾಯಿ ಅದನ್ನು ಎದೆಗೊತ್ತಿಕೊಂಡು ಕೂರುತ್ತಾಳೆ, ಪರದೆ ಕಪ್ಪಾಗುತ್ತದೆ. ಹುಡುಗಿ ಇನ್ನೊಂದು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ಬಂದು ನಿಲ್ಲುವುದು ಆ ಸಿನಿಮಾದಲ್ಲಿ ಇಲ್ಲವೇ ಇಲ್ಲ. ಅದನ್ನು ಹುಟ್ಟಿಸಿದ್ದು ನಾನು.

ಅದೊಂದನ್ನೇ ಅಲ್ಲ. ಹನ್ನೊಂದು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟಿನ ಆ ತುದಿ ನೀನು, ಈ ತುದಿ ನಾನು ಹಿಡಿದು ಮಡಚಿದೆವಲ್ಲ, ಆಗ ನಾನು ಹೇಳಿದ ಕಥೆಗಳಲ್ಲಿ ಅರ್ಧಕ್ಕರ್ಧದ ಕೊನೆ ನನ್ನದೇ. ಗುರುವಾರ ನನ್ನ ರಜೆ, ಮ್ಯಾಟಿನಿ ನೋಡಿ ಬರುತ್ತಿದ್ದೆ. ಶುಕ್ರವಾರ ಎಲ್ಲರಿಗೂ ಕಥೆ ಬೇಕು. ಬೆಳಿಗ್ಗೆಯಿಂದ ಸತ್ತವರ ಹಾಸಿಗೆಯ ಬಟ್ಟೆ ಕುದಿಸಿ, ಹಿಂಡಿ, ಒಣಹಾಕಿ ಬಂದವರಿಗೆ ಸಿನಿಮಾದಲ್ಲೂ ಹೆಣ ತೋರಿಸಲೇ? ಒಂದು ಸಲ ಇದ್ದದ್ದನ್ನು ಇದ್ದ ಹಾಗೇ ಹೇಳಿದ್ದಕ್ಕೆ ನಮ್ಮ ಲಾಂಡ್ರಿಯ ಸೋಪಿನಜ್ಜಿ ಊಟದ ಡಬ್ಬಿ ಮುಚ್ಚಿಟ್ಟು, 'ಇದನ್ನ ಕೇಳೋಕೆ ನಾನು ನಿನ್ನ ಹತ್ರ ಯಾಕೆ ಬರಬೇಕು, ಮೇಲಿನ ವಾರ್ಡಿಗೆ ಹೋದ್ರೆ ಸಾಕಲ್ಲ' ಅಂದಿದ್ದರು. ಅವತ್ತಿನಿಂದ ನನ್ನ ಬಾಯಲ್ಲಿ ಯಾರೂ ಸಾಯಲಿಲ್ಲ. ಕುರುಡನಿಗೆ ಕಣ್ಣು ಬಂತು, ಮುರಿದ ಮದುವೆ ಕೂಡಿತು. ನೀನು ಕೊನೇ ಮಡಿಕೆ ಹಾಕುತ್ತಾ, 'ಸದ್ಯ' ಅಂತ ಉಸಿರು ಬಿಡುತ್ತಿದ್ದೆ. ಆ 'ಸದ್ಯ' ಕೇಳುವುದಕ್ಕೇ ನಾನು ಸುಳ್ಳು ಕಟ್ಟುತ್ತಿದ್ದೆ ಅಂದರೂ ತಪ್ಪಿಲ್ಲ.

ನಿನ್ನ ಗಂಡ ನಿನ್ನನ್ನು ಥಿಯೇಟರಿಗೆ ಕಳಿಸುತ್ತಿರಲಿಲ್ಲ, ಹಾಗಾಗಿ ನಿನಗೆ ಗೊತ್ತಾಗುವ ದಾರಿಯೂ ಇರಲಿಲ್ಲ. ನೀನು ನನ್ನ ಜೊತೆ ಬಂದದ್ದು ಅದೊಂದೇ ಸಲ. ಕೆನ್ನೆಯ ಬಾವು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದೆ. ಇಂಟರ್‌ವಲ್‌ನಲ್ಲಿ, ಒಲೆ ಆರಿಸಿದೆನೋ ಇಲ್ಲವೋ, ನೋಡಿ ಬರುತ್ತೇನೆ ಅಂತ ಎದ್ದು ಹೋದವಳು ಒಳಗೆ ಬರಲೇ ಇಲ್ಲ. ಸಿನಿಮಾ ಬಿಟ್ಟಾಗ ಸೈಕಲ್ ನಿಲ್ಲಿಸುವ ಜಾಗದಲ್ಲಿ ನಿಂತಿದ್ದೆ. ತಲೆಕೂದಲು ಒದ್ದೆಯಾಗಿತ್ತು. ಏನಾಯಿತೇ ಅಂದರೆ, 'ನೀನು ಮೊದಲು ಕಥೆ ಹೇಳಕ್ಕಾ' ಅಂದೆ. ದಾರಿಯುದ್ದಕ್ಕೂ ಹೇಳಿದೆ. ನಿನ್ನ ಮುಖ ನೋಡಿ, ಬಾಗಿಲಲ್ಲಿ ಆ ಹುಡುಗಿಯನ್ನು ತಂದು ನಿಲ್ಲಿಸಿದೆ.

ಮನೆಗೆ ಹೋದರೆ ಮೆಟ್ಟಿಲ ಬುಡದಲ್ಲಿ ನಿನ್ನ ಗಂಡ ಸತ್ತು ಬಿದ್ದಿದ್ದ, ಸುತ್ತ ಜನ. ಅವನು ತಾನಾಗಿ ಜಾರಿದನೋ, ನೀನು ನೂಕಿದೆಯೋ, ನಾನು ಕೇಳಲಿಲ್ಲ. ಇವತ್ತೂ ಕೇಳುವುದಿಲ್ಲ. ಪೊಲೀಸರು ಬಂದಾಗ ನೀನು, 'ನಾನೂ ಅಕ್ಕನೂ ಕೊನೇವರೆಗೂ ಸಿನಿಮಾದಲ್ಲಿದ್ವಿ' ಅಂದೆ. ನಾನು ಹೌದೆಂದು ತಲೆಯಾಡಿಸಿದೆ.

ಠಾಣೆಯಲ್ಲಿ ಇಬ್ಬರನ್ನೂ ಬೇರೆ ಬೇರೆ ಕೂರಿಸಿದರು. ಆ ಇನ್‌ಸ್ಪೆಕ್ಟರ್ ಸಿನಿಮಾ ಹುಚ್ಚಿನವರು ಅಂತ ನಮಗೇನು ಗೊತ್ತು? ಟೀ ಕುಡಿಯುತ್ತಾ, 'ದೇವರ ಮೇಲೆ ನಂಬಿಕೆ ಇರೋರು ನೀವು. ಕೊನೇಲಿ ಏನಾಗುತ್ತೆ ಹೇಳಿ ನೋಡೋಣ' ಅಂದರು. ದೇವರ ಹೆಸರು ಕಿವಿಗೆ ಬಿದ್ದ ಮೇಲೆ ನನಗೆ ಸುಳ್ಳಾಡಲು ಆಗಲಿಲ್ಲ. ನದಿ, ಚಪ್ಪಲಿ, ಕಪ್ಪು ಪರದೆ, ಇದ್ದದ್ದನ್ನು ಹೇಳಿದೆ. ಅವರು ನಕ್ಕು, 'ಒಂದೇ ಟಾಕೀಸಲ್ಲಿ ಇಬ್ಬರೂ ಎರಡು ಸಿನಿಮಾ ನೋಡಿದ್ದೀರಲ್ಲಮ್ಮ' ಅಂದಾಗ ಉಳಿದದ್ದೂ ಬಾಯಿಂದ ಬಂತು: ನೀನು ಇಂಟರ್‌ವಲ್‌ನಲ್ಲಿ ಎದ್ದು ಹೋದದ್ದು, ಒದ್ದೆ ಕೂದಲು, ಎಲ್ಲ. ಡಾಕ್ಟರು ಜಾರಿಯೂ ಬಿದ್ದಿರಬಹುದು ಅಂತಲೇ ಬರೆದಿದ್ದರು. ಆದರೆ ಜಡ್ಜ್ ಸಾಹೇಬರು ಕೇಳಿದ್ದು ಒಂದೇ ಮಾತು: ಏನೂ ಮಾಡದವಳು ನೋಡದ ಸಿನಿಮಾ ನೋಡಿದೆ ಅಂತ ಯಾಕೆ ಹೇಳಿದಳು?

ಒಂಬತ್ತು ವರ್ಷ. ನಿನಗೆ ನೆನಪಿನಲ್ಲಿ ಏನೋ ಎಡವಟ್ಟಾಯಿತು ಅಂತ ನೀನು ನಂಬಿಕೊಂಡಿದ್ದೆ. 'ನನ್ನ ತಲೆಗೆ ಬೆಂಕಿ ಬೀಳ, ಅಷ್ಟು ಚೆನ್ನಾಗಿ ಹೇಳಿದ್ದೆ ನೀನು' ಅಂತ ಮೊದಲ ಕಾಗದದಲ್ಲೇ ಬರೆದಿದ್ದೆ. ಅದನ್ನು ಓದಿಯೂ ಬಾಯಿ ಬಿಡದೆ, ತಿಂಗಳಿಗೊಂದು ಸಿನಿಮಾ ಬರೆದು ಕಳಿಸಿದೆ. ಅಲ್ಲಿನ ಮೇಡಂ ಕಾಗದ ತಪಾಸಣೆ ಮಾಡುವ ನೆಪದಲ್ಲಿ ಕಥೆ ಮೊದಲು ತಾವೇ ಓದಿ, 'ನಿಮ್ಮಕ್ಕಂದು ಈ ತಿಂಗಳು ಇನ್ನೂ ಬಂದಿಲ್ವಾ' ಅಂತ ಕೇಳುತ್ತಾರೆ ಅಂತ ನೀನು ಬರೆದಾಗ ನನಗೆ ಹೆಮ್ಮೆಯೇ ಆಗಿತ್ತು. ದೇವರು ಕ್ಷಮಿಸಲಿ. ಅವುಗಳಲ್ಲೂ ಯಾರೂ ಸತ್ತಿಲ್ಲ.

ಈಗ ಮೊನ್ನೆ ಗುರುವಾರ ನೋಡಿದ್ದನ್ನು ಇದ್ದ ಹಾಗೇ ಹೇಳುತ್ತೇನೆ. ಒಬ್ಬ ಗಡಿಯಾರ ರಿಪೇರಿಯವನು, ಅವನ ತಮ್ಮ ಹಡಗಿನಲ್ಲಿ ಕೆಲಸಕ್ಕೆ ಹೋಗಿರುತ್ತಾನೆ. ಮೊದಲರ್ಧ ಚೆನ್ನಾಗಿದೆ. ಹಾಡುಗಳು ಬೇಡವಾಗಿದ್ದವು, ನಾಯಕಿ ಅಷ್ಟು ಅತ್ತರೂ ಪೌಡರು ಅಳಿಸುವುದಿಲ್ಲ. ಆದರೆ ಅಣ್ಣನ ಪಾತ್ರದವನು ಮಾತೇ ಆಡದೆ, ಬರೀ ಸ್ಕ್ರೂಡ್ರೈವರ್ ಹಿಡಿದ ಬೆರಳಲ್ಲೇ ನಟಿಸಿದ್ದಾನೆ, ಅಂಥದ್ದನ್ನು ನಾನು ನೋಡಿಲ್ಲ. ತಮ್ಮ ಬಿಟ್ಟುಹೋದ ಗಡಿಯಾರವನ್ನು ಮೂವತ್ತು ವರ್ಷ ದಿನಾ ಕೀಲಿ ಕೊಟ್ಟು ಕಾಯುತ್ತಾನೆ. ತಮ್ಮ ಬರುವುದಿಲ್ಲ, ಗುಬ್ಬಿ. ಗಡಿಯಾರ ನಿಲ್ಲುತ್ತದೆ. ಅಷ್ಟೇ ಕಥೆ. ಇದನ್ನು ಬದಲಿಸದೆ ಬರೆಯುವಾಗ ನನ್ನ ಕೈ ಎಷ್ಟು ಸಲ ನಿಂತಿತು ಅಂತ ನಿನಗೆ ಹೇಗೆ ತಿಳಿಸಲಿ.

ನೀನು ಹೋದ ಮೇಲೆ ಬೆಡ್‌ಶೀಟ್ ಮಡಚಲು ನಾನು ಯಾರನ್ನೂ ಜೊತೆಗೆ ಕರೆದಿಲ್ಲ. ಎರಡು ಮೂಲೆ ಕಿಟಕಿ ಸರಳಿಗೆ ಸಿಕ್ಕಿಸಿ ಒಬ್ಬಳೇ ಎಳೆದು ಮಡಚುತ್ತೇನೆ. ನಿನಗೊಂದು ಮಂಚ ಹಾಕಿಸಿದ್ದೇನೆ. ಇಪ್ಪತ್ತನೇ ತಾರೀಕು ಬೆಳಿಗ್ಗೆ ಗೇಟಿನ ಹತ್ತಿರ ನಿಂತಿರುತ್ತೇನೆ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ರಸ್ತೆಯ ಆ ಕಡೆಯಿಂದ ನಡೆದು ಹೋಗು. ನಾನು ಕೂಗುವುದಿಲ್ಲ.

ದಿನವೂ ನಿನ್ನ ಹೆಸರು ಹೇಳಿ ಕೈಮುಗಿಯುವ
ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ. ಕಾಗದ ಮಡಚಿ ಅಂಟು ಹಚ್ಚಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ. ಠಾಣೆಯಲ್ಲಿ ನಮ್ಮಿಬ್ಬರ ನಡುವೆ ಇದ್ದದ್ದು ಬರೀ ಹಲಗೆಯ ಗೋಡೆ. ನೀನು ಮೊದಲು ಹೇಳಿದೆ, ನನಗೆ ಒಂದೊಂದು ಮಾತೂ ಕೇಳಿಸಿತು. 'ಹುಡುಗಿ ಬಾಗಿಲಲ್ಲಿ ನಿಂತಿರ್ತಾಳೆ ಸಾರ್, ಇನ್ನೊಂದು ಚಪ್ಪಲಿ ಕೈಲಿ ಹಿಡ್ಕೊಂಡು' ಅಂದೆ. ನಾನೂ ಅದನ್ನೇ ಹೇಳಿದ್ದರೆ, ಅವರು ಎಷ್ಟೇ ಸಿನಿಮಾ ನೋಡಿದವರಾದರೂ, ಇಬ್ಬರ ಮಾತೂ ಒಂದೇ ಆಗುತ್ತಿತ್ತು. ನಾವಿಬ್ಬರೂ ಕೂಡಿಯೇ ಬಚಾವಾಗುತ್ತಿದ್ದೆವು, ಇಲ್ಲ ಕೂಡಿಯೇ ಸಿಕ್ಕಿಬೀಳುತ್ತಿದ್ದೆವು. ನನ್ನ ಹತ್ತಿರ ಬಂದಾಗ ಅವರು ಮೊದಲು ದೇವರ ಹೆಸರು ಎತ್ತಲಿಲ್ಲ. ಕಿಟಕಿಯಾಚೆ ನಿಂತಿದ್ದ ಪೊಲೀಸ್ ವ್ಯಾನು ತೋರಿಸಿ, 'ಅದರಲ್ಲಿ ಇನ್ನೊಂದು ಸೀಟು ಖಾಲಿ ಇದೆ' ಅಂದರು. ಅವತ್ತು ನಾನು ಹೆದರಿದ್ದು ದೇವರಿಗಲ್ಲ, ಗುಬ್ಬಿ.