ಓವನ್ ಬಾಗಿಲಿಗೆ ಕೊಟ್ಟ ಕುರ್ಚಿ

ಜಗತ್ತಿಗೆಲ್ಲ ಅಡುಗೆ ಕಲಿಸಲು ಹೊರಟಿರುವ ಅಕ್ಕನಿಗೆ,

ಇಲ್ಲಿ ಎಲ್ಲರೂ ಕ್ಷೇಮ, ನಿನ್ನ ಪುಸ್ತಕ ನೋಡಿ ಅಡುಗೆ ಮಾಡಿದವರನ್ನು ಬಿಟ್ಟು. ನಿನಗೆ ನಾನು ಪತ್ರ ಬರೆದು ಎಷ್ಟು ಕಾಲವಾಯಿತೋ ನೆನಪಿಲ್ಲ. ಹೊಗಳಲು ಬರೆಯುತ್ತಿದ್ದಾನೆ ಎಂದುಕೊಂಡಿದ್ದರೆ ಈಗಲೇ ಮಡಚಿ ಒಳಗಿಡು. ನಿನ್ನ ಪುಸ್ತಕದ ನೂರಾ ಹನ್ನೆರಡನೇ ಪುಟದಲ್ಲಿ ಒಂದು ಸುಳ್ಳಿದೆ. ಮುಂದಿನ ಮುದ್ರಣಕ್ಕೆ ಮುಂಚೆ ನೀನು ಅದನ್ನು ತೆಗೆಯಬೇಕು. ಈ ಪತ್ರ ಅದಕ್ಕಾಗಿ ಮಾತ್ರ.

ಆ ಪುಸ್ತಕವನ್ನು ನಾನಾಗಿ ಹುಡುಕಿಕೊಂಡು ಹೋದವನಲ್ಲ. ಹೋದ ಬುಧವಾರ ಒಂದು ಮನೆಯಿಂದ ಫೋನ್ ಬಂತು. ಓವನ್ ಕೆಟ್ಟಿದೆ, ಮೂರು ಸಲ ಇಟ್ಟರೂ ಒಳಗಿನದು ಸುಟ್ಟು ಇದ್ದಿಲಾಗುತ್ತಿದೆ, ಬೇಗ ಬನ್ನಿ ಎಂದರು. ಚೀಲ ಹೊತ್ತು ನಾಲ್ಕು ಮಹಡಿ ಹತ್ತಿದೆ. ಅಡುಗೆಮನೆಯಲ್ಲಿ ನೋಡಿದರೆ ಓವನ್ ಬಾಗಿಲಿಗೆ ಒಂದು ಕುರ್ಚಿ ಒತ್ತಿ ಇಟ್ಟಿದ್ದಾರೆ. ಅದರ ಮೇಲೆ ಆ ಮನೆಯ ಯಜಮಾನರು, ಎಪ್ಪತ್ತು ದಾಟಿದ ನಿವೃತ್ತ ಮೇಷ್ಟ್ರು, ಬೆನ್ನು ಓವನ್‌ಗೆ ಕೊಟ್ಟು ಪೇಪರ್ ಓದುತ್ತಿದ್ದಾರೆ. ಅವರ ತಲೆಯ ಹಿಂದಿನಿಂದ ಹೊಗೆ ಏಳುತ್ತಿದೆ.

"ಯಾಕ್ ಸಾರ್ ಇಲ್ಲಿ ಕೂತಿದೀರಾ?" ಎಂದು ಕೇಳಿದೆ.

"ನಂಗೇನ್ ಗೊತ್ತಪ್ಪಾ, ಸೊಸೆ ಕೂರಿಸಿದಾಳೆ. ಒಂದೂಕಾಲು ಗಂಟೆ ಆಗೋವರ್ಗೂ ಏಳ್ಬೇಡಿ ಅಂದಿದಾಳೆ" ಎಂದರು ಪಾಪ.

ಸೊಸೆ ಪುಸ್ತಕ ತಂದು ನನ್ನ ಮುಂದೆ ಹಿಡಿದಳು. ಹಿಂಬದಿಯಲ್ಲಿ ನೀನು! ಒಂದು ಕಲೆಯೂ ಇಲ್ಲದ ಏಪ್ರನ್ ತೊಟ್ಟು, ನೆಟ್ಟಗೆ ಕೂತು ನಗುತ್ತಿದ್ದೀಯೆ. ಒಳಗೆ ನೂರಾ ಹನ್ನೆರಡನೇ ಪುಟದಲ್ಲಿ 'ಅಮ್ಮನ ಪಾಸ್ತಾ ಬೇಕ್'. ನೀನು ಬರೆದದ್ದನ್ನು ನಿನಗೇ ಓದಿ ಹೇಳುತ್ತೇನೆ, ಕೇಳಿ ನಾಚಿಕೆಪಡು. 'ನಮ್ಮ ಮನೆಯ ಪದ್ಧತಿಯಂತೆ, ಟ್ರೇ ಒಳಗಿರುವ ಒಂದೂಕಾಲು ಗಂಟೆಯೂ ಮನೆಯವರೊಬ್ಬರು ಓವನ್ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಾರೆ. ಮನುಷ್ಯರ ಕಾವು ತಾಗಿದ ಅಡುಗೆಗೆ ಬೇರೆಯದೇ ರುಚಿ.' ಕಾವಂತೆ, ಕಾವು! ಪಾಸ್ತಾ ಬೇಯಿಸುತ್ತಿದ್ದೆಯೋ, ಮೊಟ್ಟೆ ಮರಿ ಮಾಡುತ್ತಿದ್ದೆಯೋ?

ಓವನ್‌ಗೆ ಏನೂ ಆಗಿಲ್ಲ, ಮೂವತ್ತೈದು ನಿಮಿಷ ಸಾಕು, ದಯವಿಟ್ಟು ಮೇಷ್ಟ್ರನ್ನು ಎಬ್ಬಿಸಿ ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀವು ರಿಪೇರಿಯವ್ರು, ನಿಮಗೆ ಅಡುಗೆ ವಿಷ್ಯ ಏನ್ ಗೊತ್ತಾಗುತ್ತೆ? ಇದು ಅವ್ರು ಅವರಮ್ಮನ ಹತ್ರ ಕಲಿತಿದ್ದು" ಎಂದಳು. ಆ ಅಮ್ಮ ಈಗ ನಮ್ಮ ಮನೆಯಲ್ಲೇ ಕೂತು ನನ್ನನ್ನು ಬೈಯುತ್ತಿರುತ್ತಾಳೆ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡು ಪುಸ್ತಕವನ್ನು ಒಂದು ವಾರಕ್ಕೆ ಎರವಲು ಕೇಳಿ ತಂದೆ.

ಇಡೀ ಪುಟ ಓದಿದೆ, ಅಕ್ಕ. ಪ್ರತಿ ಸಾಲಿನಲ್ಲೂ ಎಡವಿದ್ದೀಯೆ. ಪಾಸ್ತಾವನ್ನು ಮೆತ್ತಗಾಗುವವರೆಗೆ ಬೇಯಿಸಿ ಎಂದು ಬರೆದಿದ್ದೀಯೆ. ಅಮ್ಮ ನಡುವೆ ಇನ್ನೂ ಗಟ್ಟಿ ಇರುವಾಗಲೇ ಬಸಿದುಬಿಡುತ್ತಿದ್ದಳು, ಏಕೆಂದರೆ ಮಿಕ್ಕದ್ದು ಟ್ರೇಯಲ್ಲಿ ಟೊಮೆಟೊ ರಸ ಕುಡಿದೇ ಬೇಯುತ್ತದೆ. ನಿನ್ನ ಲೆಕ್ಕದಲ್ಲಿ ಮಾಡಿದರೆ ಚಮಚ ಬೇಡ, ಗೋಡೆಗೆ ಪೋಸ್ಟರ್ ಅಂಟಿಸುವ ಬ್ರಷ್ ಸಾಕು. ಬೆಣ್ಣೆಯಲ್ಲಿ ಮೈದಾ ಹುರಿದ ಮೇಲೆ ಹಾಲನ್ನು 'ಧಾರಾಳವಾಗಿ' ಸುರಿಯಬೇಕಂತೆ. ಧಾರಾಳವಾಗಿ ಸುರಿದರೆ ಗಂಟಾಗುತ್ತದೆ ತಾಯಿ, ಸ್ವಲ್ಪ ಸ್ವಲ್ಪವೇ ಹಾಕಿ ಕಲಕಬೇಕು. ಮೂರು ಬಗೆಯ ಚೀಸ್ ಬೇರೆ! ನಮ್ಮ ಮನೆಯಲ್ಲಿ ಇದ್ದದ್ದು ಕಲ್ಲಿನಂಥ ಒಂದೇ ಗಡ್ಡೆ. ತುರಿಯುವಾಗ ಬೆರಳ ಗೆಣ್ಣೂ ಸೇರಿ ತುರಿದುಹೋಗುತ್ತಿತ್ತು. ಇನ್ನು ಅಮ್ಮ ಹಾಡು ಗುನುಗುತ್ತಾ ಸಾಸ್ ಕಲಕುತ್ತಿದ್ದಳಂತೆ. ಅಮ್ಮ ಹಾಡಿದ್ದನ್ನು ಯಾವ ಜನ್ಮದಲ್ಲಿ ಕೇಳಿದ್ದೆ ನೀನು? ವಾರವಿಡೀ ಕಾರ್ಖಾನೆಯವರ ಸಮವಸ್ತ್ರ ಹೊಲಿದು, ಸಿಕ್ಕ ಒಂದು ಭಾನುವಾರದಲ್ಲಿ ಎರಡು ದಿನಕ್ಕಾಗುವಷ್ಟನ್ನು ಒಂದೇ ಟ್ರೇಯಲ್ಲಿ ಮಾಡಿಟ್ಟುಕೊಳ್ಳುವ ಹೆಂಗಸು. ಅವಳು ಬೈಯುತ್ತಾ ಕಲಕುತ್ತಿದ್ದಳು. ಒಣಗಿದ ಬ್ರೆಡ್ಡನ್ನು ಬಟ್ಟೆಯಲ್ಲಿ ಕಟ್ಟಿ ಬಾಟಲಿಯಿಂದ ಕುಟ್ಟಿ ಪುಡಿ ಮಾಡುವುದು ನನ್ನ ಕೆಲಸ. ಅದೊಂದು ನಿಜ ಬರೆದಿದ್ದೀಯೆ. ಅಲ್ಲೂ 'ನನ್ನ ಮುದ್ದು ತಮ್ಮ' ಎಂದು ಸೇರಿಸಿ ಕೆಡಿಸಿದ್ದೀಯೆ.

ಇವೆಲ್ಲ ಅಡುಗೆ ಬಾರದವಳ ತಪ್ಪು, ಬಿಡು. ಕುರ್ಚಿ ಅಂಥ ತಪ್ಪಲ್ಲ. ಅದನ್ನು ನೀನು ಬೇಕೆಂದೇ ಬರೆದಿದ್ದೀಯೆ.

ನನಗಾಗ ಏಳು ವರ್ಷ, ನಿನಗೆ ಹನ್ನೊಂದು. ಮೇಲಿನ ಹಲಗೆಯಲ್ಲಿದ್ದ ಸಕ್ಕರೆ ಡಬ್ಬಕ್ಕೆ ಕೈ ಎಟುಕಲಿಲ್ಲ. ಓವನ್ ಬಾಗಿಲು ಕೆಳಕ್ಕೆ ತೆರೆದು ಅದರ ಮೇಲೆ ಹತ್ತಿ ನಿಂತೆ. ಕೀಲಿನ ಸ್ಪ್ರಿಂಗು ಟಣ್ ಎಂದು ಕಿತ್ತುಬಂತು. ಅಮ್ಮ ಬಂದು "ಯಾರ್ ಮಾಡಿದ್ದು?" ಎಂದು ಕೇಳಿ ಮುಗಿಸುವ ಮೊದಲೇ ನೀನು "ನಾನೇ" ಎಂದೆ. ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮೇಕೆಯೇ ಓಡಿ ಬಂದು ಮೂತಿ ಒಡ್ಡಿತು. ನಿನ್ನನ್ನು ಯಾರು ಕೇಳಿದ್ದರು?

ಮನೆ ಬಾಡಿಗೆಯದು, ಓವನ್ ಮಾಲೀಕನದು. ಗೊತ್ತಾದರೆ ಮನೆ ಬಿಡಿಸುತ್ತಾನೆ ಎಂದು ಹೆದರಿ ಅಮ್ಮ ರಿಪೇರಿಯವನನ್ನೂ ಕರೆಸಲಿಲ್ಲ. ಮುಚ್ಚಿದ ಬಾಗಿಲು ನಿಲ್ಲುತ್ತಿರಲಿಲ್ಲ, ಕುರ್ಚಿಯನ್ನಷ್ಟೇ ಒತ್ತಿಟ್ಟರೆ ಒಂದು ಬೆರಳು ಬಿಚ್ಚಿಕೊಳ್ಳುತ್ತಿತ್ತು. ಭಾರ ಬೇಕಿತ್ತು. "ಮುರಿದೋಳು ತಾನೇ ಕೂರ್ಲಿ" ಎಂದಳು ಅಮ್ಮ. ಆ ಮನೆ ಬಿಡುವವರೆಗೆ, ಎರಡು ವರ್ಷ, ಪ್ರತಿ ಭಾನುವಾರ ನೀನು ಅಲ್ಲಿ ಕೂತೆ. ಬಾಗಿಲಿನ ಸಂದಿಯಿಂದ ಶಾಖ ಸೋರಿಹೋಗುತ್ತಿದ್ದುದರಿಂದಲೇ ಒಂದೂಕಾಲು ಗಂಟೆ ಬೇಕಾಗುತ್ತಿತ್ತು. ಸೋರಿದ ಶಾಖ ಎಲ್ಲಿಗೆ ಹೋಗುತ್ತಿತ್ತು ಎಂದು ಯಾರೂ ಕೇಳಲಿಲ್ಲ. ಬೆನ್ನಿಗೆ ಅಮ್ಮ ಕಂಬಳಿ ಮಡಚಿ ಕೊಟ್ಟಿದ್ದಳು, ಅದು ಸಾಕೆಂದುಕೊಂಡಿದ್ದಳು. ಸೋಮವಾರ ಸ್ಕೂಲಿನಲ್ಲಿ ನೀನು ಬೆಂಚಿಗೆ ಒರಗದೆ ನೆಟ್ಟಗೆ ಕೂರುತ್ತಿದ್ದೆ. ಎಷ್ಟು ಶಿಸ್ತಿನ ಹುಡುಗಿ ಎಂದು ಟೀಚರು ಹೊಗಳುತ್ತಿದ್ದರು. ನಾನು ಮೇಜಿನ ಮುಂದೆ ಕೂತು ಟ್ರೇಯ ಗರಿಗರಿ ಮೂಲೆಯನ್ನು ಮೊದಲು ತಿನ್ನುತ್ತಿದ್ದೆ. ನೀನು ಬೆವರು ಒರೆಸಿಕೊಂಡು ಬರುವ ಹೊತ್ತಿಗೆ ನಡುವಿನದು ಉಳಿದಿರುತ್ತಿತ್ತು.

ಮೊದಲ ವಾರ ಹೆದರಿಕೆಯಿಂದ ಬಾಯಿ ಬಿಡಲಿಲ್ಲ. ಆಮೇಲೆ ಅಭ್ಯಾಸವಾಯಿತು. ಆಮೇಲೆ ನಿನ್ನ ಮೇಲೆ ಸಿಟ್ಟು ಬಂತು. ನಿನ್ನ ಈ ದೊಡ್ಡತನ ಇದೆಯಲ್ಲ, ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಒಂದು ಸಲವಾದರೂ ನನ್ನ ಕಿವಿ ಹಿಂಡಿ "ಹೋಗಿ ಹೇಳು" ಎನ್ನಬಾರದಿತ್ತೇ? ಈಗ ನೋಡಿದರೆ ಆ ಶಿಕ್ಷೆಗೆ ಪದ್ಧತಿ ಎಂದು ಹೆಸರಿಟ್ಟು, ಸಕ್ಕರೆ ಸವರಿ, ಅಚ್ಚು ಹಾಕಿಸಿದ್ದೀಯೆ. ನನ್ನನ್ನು ಇನ್ನೂ ಮುಚ್ಚಿಟ್ಟುಕೊಂಡು ಕೂತಿದ್ದೀಯೆ. ಊರ ಮೇಷ್ಟ್ರುಗಳೆಲ್ಲ ನನ್ನ ತಪ್ಪಿಗೆ ಓವನ್ ಕಾಯುವ ಹಾಗಾಗಿದೆ. ಸ್ಪ್ರಿಂಗು ಹಾಕುವುದು ಹತ್ತು ನಿಮಿಷದ ಕೆಲಸ. ಮೂವತ್ತು ವರ್ಷದಿಂದ ದಿನಾ ಅದನ್ನೇ ಮಾಡುತ್ತಿದ್ದೇನೆ. ಯಾಕೆ ಈ ಕಸುಬು ಹಿಡಿದೆ ಎಂದು ಯಾರಾದರೂ ಕೇಳಿದರೆ ಹೊಟ್ಟೆಪಾಡು ಎನ್ನುತ್ತೇನೆ.

ಭಾನುವಾರ ನಾನೇ ಮಾಡಿದೆ. ಸರಿಯಾದ ರೀತಿ ಯಾವುದೆಂದು ನಿನಗೆ ಬರೆದು ಮುಖಕ್ಕೆ ಹಿಡಿಯಬೇಕೆಂಬ ಹಟ. ಅಮ್ಮನಿಗೆ ಕಣ್ಣು ಮಂಜು, ಆದರೂ ಪಕ್ಕದಲ್ಲಿ ನಿಂತು ಪಾಸ್ತಾವನ್ನು ಉಗುರಲ್ಲಿ ಮುರಿದು ನೋಡಿ "ಈಗ ಬಸಿ" ಎಂದಳು. ಟ್ರೇ ಒಳಗಿಟ್ಟ ಮೇಲೆ ನಿನ್ನ ಪುಟ ಓದಿ ಹೇಳಿದೆ. ಅವಳು ನಕ್ಕಳು. "ತಾನು ಮುರ್ದಿದ್ದನ್ನ ಎಷ್ಟು ನಾಜೂಕಾಗಿ ಪದ್ಧತಿ ಮಾಡ್ಬಿಟ್ಲು ನೋಡು. ಮೊದ್ಲಿಂದ್ಲೂ ಅಷ್ಟೇ, ಮಾಡಿದ ತಪ್ಪು ಮುಚ್ಚೋದ್ರಲ್ಲಿ ಜಾಣೆ ಅವ್ಳು" ಎಂದಳು.

ಅಕ್ಕ, ಇಷ್ಟು ವರ್ಷವೂ ನಿನ್ನ ಬಗ್ಗೆ ಅವಳ ಮನಸ್ಸಿನಲ್ಲಿ ಇದ್ದದ್ದು ಇದು. ನನಗೆ ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಸಕ್ಕರೆ ಡಬ್ಬ, ಬಾಗಿಲು, ನಿನ್ನ "ನಾನೇ", ಎಲ್ಲ.

ಅಮ್ಮ ಗೋಡೆ ಹಿಡಿದುಕೊಂಡು ಹೋಗಿ, ಕುರ್ಚಿಯನ್ನು ಎಳೆದು ತಂದು ಓವನ್‌ಗೆ ಒತ್ತಿದಳು. "ಕೂತ್ಕೋ" ಎಂದಳು.

"ಅಮ್ಮಾ, ಇದ್ರ ಬಾಗಿಲು ಗಟ್ಟಿಯಾಗಿದೆ. ನಾನೇ ಹಾಕಿರೋ ಸ್ಪ್ರಿಂಗು" ಎಂದೆ.

"ಬಾಗಿಲ ವಿಷ್ಯ ಯಾರ್ ಕೇಳಿದ್ರು? ಕೂತ್ಕೋ."

ಐವತ್ತು ದಾಟಿದ ಗಂಡಸು ಕೂತೆ. ಮೂವತ್ತೈದು ನಿಮಿಷಕ್ಕೆ ಓವನ್ ಗಂಟೆ ಹೊಡೆಯಿತು. ಏಳಲು ಹೋದೆ. "ಒಂದೂಕಾಲು ಗಂಟೆ" ಎಂದಳು. ಒಂದು ಚೂರು ಬ್ರೆಡ್ ಪುಡಿಯನ್ನೂ ಎಸೆಯದ ಹೆಂಗಸು, ಅಕ್ಕ. ಅವಳು ಎದುರಿಗೆ ಕೂತು, ಇಡೀ ಟ್ರೇ ಕರಕಲಾಗುವವರೆಗೆ ಸುಮ್ಮನೆ ಮೂಗಿಗೆ ಸೆರಗು ಹಿಡಿದಿದ್ದಳು. ಹೊಗೆಗೆ ನನ್ನ ಕಣ್ಣಲ್ಲಿ ನೀರು ಬಂತು. ಹೊಗೆಗೇ, ಬೇರೇನೂ ಬರೆದುಕೊಳ್ಳಬೇಡ. ಇಷ್ಟಾದರೂ ನನ್ನ ಬೆನ್ನು ಸ್ವಲ್ಪ ಬೆಚ್ಚಗಾಯಿತು, ಅಷ್ಟೇ. ಇದರದು ದಪ್ಪ ಬಾಗಿಲು, ಸಂದಿಯಿಲ್ಲ. ನಿನ್ನ ಬೆನ್ನಿಗೆ ಏನಾಗುತ್ತಿತ್ತು ಎಂಬುದು ನನಗೆ ಈ ಜನ್ಮದಲ್ಲಿ ಗೊತ್ತಾಗುವುದಿಲ್ಲ.

ಸಮಯ ಮುಗಿದಾಗ ಅಮ್ಮ ಎದ್ದು ಕಿಟಕಿ ತೆರೆದಳು. "ಬರೋ ಭಾನುವಾರ ಅವ್ಳನ್ನ ಕರಿ. ಇನ್ನೊಂದು ಟ್ರೇ ಮಾಡು. ಅವ್ಳು ಮೇಜಿನ ಹತ್ರ ಕೂರ್ಲಿ, ಮೂಲೇದು ನಾಲ್ಕೂ ಅವ್ಳಿಗೇ" ಎಂದಳು.

ಕರೆದಿದ್ದೇನೆ. ಬಂದರೆ ಆ ಫೋಟೋದ ನಗುವನ್ನು ಮನೆಯಲ್ಲೇ ಬಿಟ್ಟು ಬಾ. ಪುಟ ನೂರಾ ಹನ್ನೆರಡರಲ್ಲಿ ಪದ್ಧತಿ, ಕಾವು ಎಲ್ಲ ಹೊಡೆದುಹಾಕಿ ಇಷ್ಟು ಅಚ್ಚು ಹಾಕಿಸು: 'ನಮ್ಮ ಮನೆಯ ಓವನ್ ಬಾಗಿಲು ಮುರಿದವನು ನನ್ನ ತಮ್ಮ. ನಿಮ್ಮ ಬಾಗಿಲು ಸರಿಯಿದ್ದರೆ ಮೂವತ್ತೈದು ನಿಮಿಷ ಸಾಕು. ಯಾರೂ ಕೂರಬೇಕಾಗಿಲ್ಲ.'

ಹರಸುವ ವಯಸ್ಸು ನನ್ನದಲ್ಲ. ಅಮ್ಮನ ಆಶೀರ್ವಾದ ಇದರ ಜೊತೆಗಿದೆ, ಸ್ವಲ್ಪ ಸೀದ ವಾಸನೆ ಬರುತ್ತದೆ, ತೆಗೆದುಕೋ.

ಬಾಗಿಲು ಮುರಿದ ನಿನ್ನ ತಮ್ಮ,
ನೀನೇ ಹೆಸರಿಟ್ಟ ಇಕ್ಕಳ