ಇಲಿಯಿಲ್ಲದ ಸಿಂಹ

ಶಿವಾಜಿನಗರ
ಮಂಗಳವಾರ

ರಶ್ಮಿ ಮೇಡಂ ಅವರಿಗೆ ಫ್ರೇಮ್ ಅಂಗಡಿ ಅಫ್ತಾಬನ ಸಲಾಂ.

ನಿಮ್ಮ ನರ್ಸರಿ ಶಾಲೆಯ ಗೋಡೆಗೆ ಹಾಕಿರುವ ಸಿಂಹದ ಪಟವನ್ನು ದಯವಿಟ್ಟು ಇಳಿಸಿಬಿಡಿ. ಅದೇ ಪಟದ ಇನ್ನೊಂದು ಪ್ರತಿಗೆ ದೊಡ್ಡ ಫ್ರೇಮ್ ಹಾಕಿ ಈ ಪತ್ರದ ಜೊತೆ ಕಳಿಸಿದ್ದೇನೆ. ಹಳೇ ಮೊಳೆಯೇ ಸಾಕು.

ನಿನ್ನೆ ನೀವು ಪಟ ಒಯ್ಯಲು ಬಂದಾಗ ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ಆ ಪಟವನ್ನು ಮನೆಯಿಂದ ಶಾಲೆಗೆ ತಂದುಕೊಟ್ಟಿದ್ದ ಪುಟ್ಟ ಚಿನ್ಮಯಿ ನಿಮ್ಮ ಜೊತೆಗಿದ್ದಳು. "ಅಂಕಲ್, ಬಲೆ ಕಡಿಯೋ ಇಲಿ ಎಲ್ಲೋಯ್ತು?" ಎಂದು ಕೇಳಿದಳು. "ಈ ಪಟದಲ್ಲಿ ಇಲಿ ಇರ್ಲೇ ಇಲ್ಲಮ್ಮ" ಎಂದೆ. ಅವಳು ಇತ್ತು ಎಂದು ಹಠ ಹಿಡಿದಳು. ನೀವು ಗದರಿಸಿ ಅವಳಿಂದ ನನಗೆ ಸಾರಿ ಹೇಳಿಸಿದಿರಿ. ನಾನು, "ಪರವಾಗಿಲ್ಲ ಬಿಡಿ ಮೇಡಂ, ಮಗು" ಎಂದೆ.

ಇಲಿ ಇತ್ತು. ಕೆಳಗೆ ಮೂಲೆಯಲ್ಲಿತ್ತು. ರೆಡಿಮೇಡ್ ಫ್ರೇಮಿಗೆ ಹೊಂದಲೆಂದು ನಾವು ಪಟದ ಅಂಚನ್ನು ಬ್ಲೇಡಿನಿಂದ ಕತ್ತರಿಸುತ್ತೇವೆ. ದೇವರ ಪಟವಾದರೆ ಪಾದ ಹೋಗದಂತೆ ನೋಡಿಕೊಳ್ಳುತ್ತೇವೆ. ಇದು ಇಲಿ ತಾನೇ ಎಂದುಕೊಂಡೆ.

ಇಲಿಯ ಬಗ್ಗೆ ಚಿನ್ಮಯಿ ಹೇಳಿದ್ದೇ ನಿಜ, ಸುಳ್ಳು ಹೇಳಿದ್ದು ಅಂಗಡಿ ಅಂಕಲ್ ಎಂದು ಎಲ್ಲ ಮಕ್ಕಳ ಎದುರಿಗೆ ಹೇಳಿ. ಇವತ್ತು ನಾನೇ ಪಟ ಹಿಡಿದು ನಿಮ್ಮ ಗೇಟಿನವರೆಗೆ ಬಂದಿದ್ದೆ. ಒಳಗೆ ಅವಳ ದನಿ ಕೇಳಿಸಿತು, ವಾಪಸ್ ಬಂದುಬಿಟ್ಟೆ.

ನಾಳೆ ಅಂಗಡಿ ತೆರೆಯುವ ಮೊದಲು ಬರುತ್ತೇನೆ. ಅವಳು ಹೇಳಿದ ಸಾರಿ ನನ್ನ ಹತ್ತಿರವೇ ಉಳಿದಿದೆ. ಅದನ್ನು ಅವಳಿಗೆ ಹಿಂದಿರುಗಿಸಬೇಕು.

ಇಂತಿ ತಲೆ ತಗ್ಗಿಸಿ,
ಅಫ್ತಾಬ್