ಅರ್ಧ ತೆಗೆದ ದಿಬ್ಬ

ತರ್ಫಾಯಾ

ಮಗಳೇ ಸುಕೈನಾ,

ಸಲಾಂ. ಗಾಳಿಗೆ ಸರಿಯುತ್ತಿರುವ ಮರಳು ದಿಬ್ಬ ನಮ್ಮ ಮನೆ ಮುಟ್ಟಲು ಹತ್ತು ವರ್ಷ ಬೇಕೆಂದು ನೀನು ಲೆಕ್ಕ ಹಾಕಿ ಹೇಳಿ ಹೋದೆ. ಅರ್ಧ ಮರಳು ತೆಗೆದರೆ ಇಪ್ಪತ್ತು ವರ್ಷ ಸಿಗುತ್ತದೆಂದು ನಾನೂ ಲೆಕ್ಕ ಹಾಕಿದೆ. ನಾಲ್ಕು ತಿಂಗಳು ಕತ್ತೆಗಳ ಮೇಲೆ ಹೊರಿಸಿ ಸಾಗಿಸಿದೆ. ಈಗ ಅದು ಮೊದಲಿಗಿಂತ ಜೋರಾಗಿ ಬಂದು ಆಡಿನ ಕೊಟ್ಟಿಗೆಯನ್ನು ನುಂಗಿ ಕೂತಿದೆ. "ಭಾರ ಇಳಿಸಿ ಓಡೋಕೆ ಬಿಟ್ರಲ್ರೀ!" ಎಂದು ನಿನ್ನ ದೊಡ್ಡಮ್ಮ ಊರಿಗೆಲ್ಲ ಕೇಳುವಂತೆ ನಗುತ್ತಾಳೆ.

ಸಣ್ಣ ದಿಬ್ಬವೇ ಬೇಗ ಓಡುತ್ತದೆಂದು ಶಿಷ್ಯರಿಗೆಲ್ಲ ಪಾಠ ಹೇಳುತ್ತೀಯಂತೆ. ದೊಡ್ಡಪ್ಪನಿಗೆ ಹೇಳಿದ್ದರೆ ನಾಲಿಗೆ ಸವೆಯುತ್ತಿತ್ತೇ?

ತೆಗೆದ ಮರಳನ್ನು ಮತ್ತೆ ತಂದು ಸುರಿಯಲೇ, ಉಳಿದದ್ದನ್ನೂ ತೆಗೆಯಲೇ, ಬೇಗ ಬರೆ. ಉತ್ತರವನ್ನು ಮನೆಗೆ ಕಳಿಸಬೇಡ, ನಿನ್ನ ದೊಡ್ಡಮ್ಮನ ಕೈಗೆ ಸಿಕ್ಕೀತು; ಮಸೀದಿಯ ವಿಳಾಸಕ್ಕೆ ಹಾಕು.

ನಿನ್ನ ದೊಡ್ಡಪ್ಪ
ಸಿದಾತಿ